ವಿದ್ಯುನ್ಮಂಜೂಷಾ ಮೀಮಾಂಸೆ

ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರಕ್ಕೆ ಕೈಹಾಕಿದವನ ಮಾತನ್ನು ಪಂಡಿತರು ಕಿವಿಯ ಮೇಲೆ ಹಾಕಿಕೊಳ್ಳರಾದುದರಿಂದ, ಆ ವಿಧಿಯನ್ನು ಮೊದಲೇ ಪೂರೈಸುವೆವು. ವಿಷಯವು, ಕಾರಿನ ಡಿಕ್ಕಿಯಲ್ಲಿ ಒಯ್ಯತಕ್ಕ ಬ್ಯಾಟರಿಪೆಟ್ಟಿಗೆ; ಪ್ರಯೋಜನವು, ಪವನಾ ಜಲಾಶಯದ ದಡದಲ್ಲಿ ಡೇರೆ ಹೂಡಿದ ರಾತ್ರಿಯೂ ಫ್ಯಾನು ತಿರುಗುವುದು; ಅಧಿಕಾರಿಯು, ಮಾಟುಂಗ, ಮುಲುಂಡ, ಡೊಂಬಿವಲಿ ಮೊದಲಾದ ಪ್ರಾಂತಗಳಲ್ಲಿ ಎರಡು ಕೋಣೆಯ ಮನೆಯೊಳಗಿದ್ದುಕೊಂಡು, ಕಾಡಿಗೆ ಹೋಗಬೇಕೆಂದು ವಾರಕ್ಕೊಮ್ಮೆ ನಿಟ್ಟುಸಿರಿಡುವ ಕನ್ನಡಿಗ ಗೃಹಸ್ಥ; ಸಂಬಂಧವು, ಖರ್ಚಿನ ಲೆಕ್ಕ ಬಯಲಾದ ಮೇಲೆ ಅವನಿಗೂ ಗೃಹಿಣಿಗೂ ಉಳಿಯುವಂಥದು.

ಇನ್ನು ಲಕ್ಷಣ. ‘ಒಯ್ಯಲು ಬರುವ ವಿದ್ಯುತ್ಕೋಶವೇ ಮಂಜೂಷೆ’ ಎಂದರೆ ಕೈಟಾರ್ಚಿನಲ್ಲಿ ಅತಿವ್ಯಾಪ್ತಿ. ‘ಮಿಕ್ಸರನ್ನು ತಿರುಗಿಸಬಲ್ಲುದು’ ಎಂದರೆ ಮನೆಯ ಮೂಲೆಯಲ್ಲಿ ಕುಳಿತ ಇನ್ವರ್ಟರಿನಲ್ಲಿ ಅತಿವ್ಯಾಪ್ತಿ. ಆದಕಾರಣ, ‘ಪೋರ್ಟಬಲ್ ಎಂಬ ನಾಮಧೇಯವುಳ್ಳುದಾಗಿಯೂ, ಲಿಫ್ಟು ಕೆಟ್ಟ ದಿನ ಮೂರನೆಯ ಮಹಡಿಯಿಂದ ಇಳಿಸಲು ಇಬ್ಬರನ್ನು ಬೇಡುವಂಥದು’ ಎಂಬುದೇ ನಿರ್ದುಷ್ಟವಾದ ಲಕ್ಷಣವೆಂದು ನಮ್ಮ ಸೊಂಟದ ಸಾಕ್ಷ್ಯದಿಂದ ಸಿದ್ಧವಾಗಿದೆ.

ಮಂಜೂಷೆಯ ಹೃದಯವಾದ ಬ್ಯಾಟರಿಯ ವಿಷಯದಲ್ಲಿ ಪ್ರಾಚೀನರು, ನವ್ಯರು ಎಂದು ಎರಡು ಪಂಥಗಳುಂಟು. ಪ್ರಾಚೀನರು 1859ರಲ್ಲಿ ಫ್ರಾನ್ಸಿನ ಪ್ಲಾಂಟೆಯು ನಿರ್ಮಿಸಿದ ಸೀಸ ಮತ್ತು ಆಮ್ಲದ ಕೋಶವನ್ನೇ ನೆಚ್ಚಿದವರು. ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಬೇಗ ಮುಪ್ಪಾಗುವ ಆ ಕೋಶದ ಮಿತವ್ಯಯವನ್ನು ಅವರು ಸದಾಚಾರವೆಂದು ಕೊಂಡಾಡುವರು. ನವ್ಯರಾದರೋ 1997ರಲ್ಲಿ ಜಾನ್ ಗುಡಿನಫ್ ಎಂಬ ಮಹನೀಯನೂ ಅವನ ಸಂಗಡಿಗರೂ ಪ್ರಕಟಿಸಿದ ಲಿಥಿಯಂ ಐರನ್ ಫಾಸ್ಫೇಟಿನ ಉಪಾಸಕರು. ಆ ಮಹನೀಯನಿಗೆ ನೊಬೆಲ್ ಪುರಸ್ಕಾರವು ತನ್ನ 97ನೆಯ ವಯಸ್ಸಿನಲ್ಲಿ, 2019ರಲ್ಲಿ, ದೊರೆತುದರಿಂದ, ಈ ಪಂಥದ ಬ್ಯಾಟರಿಗಳ ದೀರ್ಘಾಯುಸ್ಸಿಗೆ ಬೇರೆ ಪ್ರಮಾಣವನ್ನು ಹುಡುಕಬೇಕಾಗಿಲ್ಲ. 3.2 ವೋಲ್ಟಿನ ನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಲು 12.8 ವೋಲ್ಟು, ಅದು 100 ಆಂಪಿಯರ್-ಗಂಟೆಯದಾದರೆ 1280 ವ್ಯಾಟ್-ಗಂಟೆ. 25 ವ್ಯಾಟಿನ ಫ್ಯಾನು ರಾತ್ರಿಯಿಡೀ ಎಂಟು ಗಂಟೆ ತಿರುಗಿದರೂ 200ನ್ನು ಮೀರದೆಂಬ ಗಣಿತವನ್ನು ಗೃಹಿಣಿಗೆ ಒಪ್ಪಿಸಿ, ನಾವೂ ನವ್ಯರನ್ನು ಸೇರಿದೆವು.

ಪೆಟ್ಟಿಗೆಯನ್ನು ತಾನೇ ಜೋಡಿಸುವವನು ಸಾಮಗ್ರಿಗಾಗಿ ಮುಂಬಯಿಯ ಗ್ರ್ಯಾಂಟ್ ರೋಡ್ ನಿಲ್ದಾಣದಲ್ಲಿಳಿದು ಲ್ಯಾಮಿಂಗ್ಟನ್ ರೋಡನ್ನೂ, ತಂತಿಗಾಗಿ ಲೋಹಾರ್ ಚಾಳವನ್ನೂ ಪ್ರದಕ್ಷಿಣೆ ಮಾಡತಕ್ಕದ್ದು. ಇಲ್ಲಿ ವಿಧಿನಿಷೇಧಗಳನ್ನು ಅರಿತಿರಬೇಕು. ಸೆಲ್ಲುಗಳ ಕಾವಲಿಗೆ ಬಿಎಂಎಸ್ ಎಂಬ ಫಲಕವಿರತಕ್ಕದ್ದು; ಫ್ಯೂಸು ಧನಾಗ್ರದ ಸಮೀಪದಲ್ಲಿಯೇ ಇರತಕ್ಕದ್ದು; 1000 ವ್ಯಾಟಿನ ಕೆಟಲು ಬ್ಯಾಟರಿಯಿಂದ 80ರಿಂದ 90 ಆಂಪಿಯರಿನಷ್ಟು ಎಳೆಯುವುದರಿಂದ, ಮನೆಯಲ್ಲಿ ಬಿದ್ದಿದ್ದ ಟೇಬಲ್ ಫ್ಯಾನಿನ ವೈರನ್ನು ಅಲ್ಲಿಗೆ ಬಳಸುವವನು ಕಾಫಿಗಿಂತ ಮೊದಲು ವೈರನ್ನೇ ಕಾಯಿಸುವನು. ಸೊನ್ನೆ ಡಿಗ್ರಿಗಿಂತ ಕೆಳಗಿನ ಶೀತದಲ್ಲಿ ಚಾರ್ಜು ಮಾಡಕೂಡದೆಂಬ ನಿಷೇಧವೂ ಉಂಟಾದರೂ, ಅದು ಮುಂಬಯಿವಾಸಿಗೆ, ಆಕಾಶದಲ್ಲಿ ಅಗ್ನಿಚಯನ ಮಾಡಬೇಡವೆಂಬ ವೇದವಾಕ್ಯದಂತೆ, ಅಪ್ರಸಕ್ತಪ್ರತಿಷೇಧವು.

ಕಾರಿನ ಲೈಟರ್ ಸಾಕೆಟಿನಿಂದಲೇ ದಾರಿಯಲ್ಲಿ ತುಂಬಿಸಿಕೊಳ್ಳಬಾರದೇಕೆ ಎಂಬುದು ಪೂರ್ವಪಕ್ಷ. ಅದರ ಫ್ಯೂಸು ಹತ್ತು ಆಂಪಿಯರಿನದಾದರೆ ಗಂಟೆಗೆ ಸುಮಾರು 120 ವ್ಯಾಟ್-ಗಂಟೆ ಮಾತ್ರ ಲಭ್ಯ. ಎರಡು ಗಂಟೆಗಳಲ್ಲಿ ಪವನೆಯ ದಾರಿಯ ಲೋಣಾವಳವನ್ನು ಮುಟ್ಟುವವನಿಗೆ ಪೆಟ್ಟಿಗೆಯ ಐದನೆಯ ಒಂದು ಪಾಲೂ ತುಂಬದು. ಶನಿವಾರ ಮುಂಜಾನೆ ಖಂಡಾಳದ ಘಾಟಿನಲ್ಲಿ ವಾಹನಗಳು ತಪಸ್ಸಿಗೆ ನಿಂತ ಹಾಗೆ ನಿಲ್ಲುವವೆಂಬುದನ್ನು ಗಣನೆಗೆ ತಂದರೆ ಪೂರ್ವಪಕ್ಷಕ್ಕೆ ಸ್ವಲ್ಪ ಬಲ ಬರುವುದಾದರೂ, ಮನೆಯ ಗೋಡೆಯ ಪ್ಲಗ್ಗಿನಿಂದಲೇ ತುಂಬಿಸಿ ಹೊರಡುವುದು ಶಿಷ್ಟಾಚಾರ.

ಈ ಶಿಷ್ಟಾಚಾರದಲ್ಲಿ ಅಡಗಿದ ಪರಮಾರ್ಥವೊಂದುಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಗಣಿಗಳನ್ನು ಮುಟ್ಟಿದ್ದಿತೆಂಬ ಹೆಮ್ಮೆಯನ್ನು ಕನ್ನಡಿಗನು ಒಂದು ಕ್ಷಣ ಬದಿಗಿಟ್ಟು, ಲೋಣಾವಳದ ಸರೋವರಗಳ ನೀರು ಸುಮಾರು 500 ಮೀಟರು ಕೆಳಕ್ಕೆ ಖೋಪೋಲಿಗೆ ಧುಮುಕಿ, ಟಾಟಾ ಅವರ ಯಂತ್ರಗಳನ್ನು ತಿರುಗಿಸಿ, 1915ರಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತಾಗಿ ಹರಿದುದನ್ನು ಸ್ಮರಿಸಬೇಕು. ಬೆಟ್ಟದಿಂದ ಇಳಿದುಬಂದ ಆ ವಿದ್ಯುತ್ತನ್ನೇ ನಾವು ಪೆಟ್ಟಿಗೆಯಲ್ಲಿ ತುಂಬಿ, ಪೆಟ್ರೋಲು ಸುಟ್ಟು, ಅದೇ ಘಾಟನ್ನು ಹತ್ತಿಸಿ, ಅದೇ ಬೆಟ್ಟಗಳ ನಡುವೆ ಇಳಿಸಿದೆವು. ಇದು ಗಂಗೆಗೆ ಗಂಗೋದಕದಿಂದಲೇ ಅರ್ಘ್ಯ ಕೊಟ್ಟಂತೆ. ಇಂದಿನ ಮುಂಬಯಿಯ ವಿದ್ಯುತ್ತಿನಲ್ಲಿ ಟ್ರಾಂಬೆಯ ಕಲ್ಲಿದ್ದಲೂ ಬೆರೆತಿದೆಯಲ್ಲಾ ಎಂದು ಆಕ್ಷೇಪಿಸುವವರಿಗೆ, ಅರ್ಘ್ಯದ ತಂಬಿಗೆಯಲ್ಲಿ ನಲ್ಲಿಯ ನೀರೂ ಬೆರೆತಿರುವುದೆಂಬುದೇ ಸಮಾಧಾನ.

ಕೊನೆಯದಾಗಿ ಫಲಶ್ರುತಿ. ಡೇರೆಯ ಬಳಿ ಮಾವಿನ ಮರಕ್ಕೆ ಡೇರೆಯ ಯಜಮಾನನು ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ತೂಗುಹಾಕಿದ್ದನು. ಬಂದವರ ಫೋನುಗಳೆಲ್ಲ, ನಮ್ಮ ಮಕ್ಕಳ ಫೋನೂ ಸೇರಿ, ಅದರ ಸುತ್ತ ನೆರೆದಿದ್ದವು. ನೀರಿನ ಮೇಲಣಿಂದ ಗಾಳಿ ಬೀಸುತ್ತಿದ್ದುದರಿಂದ ಫ್ಯಾನು ಬೇಕಾಗಲಿಲ್ಲ. ದೀಪಕ್ಕೆ ಹುಳುಗಳು ಮುತ್ತಿದ್ದರಿಂದ ದೀಪವನ್ನು ಆರಿಸಿದೆವು. ಬೆಳಗಿನ ಇಡ್ಲಿಗೆ ಚಟ್ನಿ ಅರೆಯಲು ಮಿಕ್ಸರು ಮೂರು ನಿಮಿಷ ತಿರುಗಿತು. ನೂರರಲ್ಲಿ ತೊಂಬತ್ತೇಳು ಪಾಲು ಉಳಿಸಿಕೊಂಡ ಮಂಜೂಷೆಯು, ಖರ್ಚಾದ ಮೂರು ಪಾಲಿನಿಂದ ತೂಕದಲ್ಲಿ ಏನೂ ಇಳಿಯದೆ, ಭಾನುವಾರ ರಾತ್ರಿ ಮತ್ತೆ ಮೂರನೆಯ ಮಹಡಿಯನ್ನೇರಿತು. ಚಟ್ನಿಗೆ ಉಪ್ಪು ಸಾಲದೆಂಬುದು ಗೃಹಿಣಿಯ ಮತ. ಆ ದೋಷಕ್ಕೆ ವಿದ್ಯುತ್ತು ಹೊಣೆಯಲ್ಲವೆಂದು ಈ ಗ್ರಂಥದಲ್ಲಿ ನಿರ್ಣಯಿಸಲಾಗಿದೆ.