ಇಮೇಲ್ ರಾಯರು

ನಮ್ಮ ಬಡಾವಣೆಯ ರಾಯರಿಗೆ ಇಮೇಲ್ ಅಂದರೆ ಕಾಗದವೇ, ಅಂಚೆಚೀಟಿ ಇಲ್ಲ ಅಷ್ಟೆ. ‘ಕ್ಷೇಮ, ತಮ್ಮ ಕ್ಷೇಮಕ್ಕೆ’ ಎಂದು ಶುರುಮಾಡದೆ ಅವರು ಕಮಿಷನರಿಗೂ ಬರೆದವರಲ್ಲ. ವಿಷಯದ ಜಾಗದಲ್ಲಿ ‘ಸುಮ್ಮನೆ ಒಂದು ವಿಚಾರ’. ವಿಚಾರವೆಂದರೆ ಮೂರನೇ ಕ್ರಾಸಿನ ಚರಂಡಿ. ಆದರೆ ಚರಂಡಿಗೆ ಮುಂಚೆ ಮಳೆ, ಮಳೆಗೆ ಮುಂಚೆ ಮೊಣಕಾಲು, ಮೊಣಕಾಲಿಗೂ ಮುಂಚೆ ತಮ್ಮ ಮೂವತ್ನಾಲ್ಕು ವರ್ಷದ ಸರ್ವೀಸು. ಊಟ ಮುಗಿದು ಕೈತೊಳೆಯುವಾಗ ನೆನಪಾದ ಉಪ್ಪಿನಕಾಯಿಯ ಹಾಗೆ ಕೊನೆಯಲ್ಲಿ ಒಂದು ಸಾಲು: ‘ಅಂದಹಾಗೆ, ಆ ಕಾಮಗಾರಿಗೆ ಬಿಲ್ಲು ಎಷ್ಟಾಯಿತು?’

ಇವರನ್ನು ಕೆಡಿಸಿದ್ದು ಇಂಗ್ಲೆಂಡು. ಮೊಮ್ಮಗು ಹುಟ್ಟಿದಾಗ ಬಾಣಂತನಕ್ಕೆಂದು ಹೆಂಡತಿಯ ಜತೆ ಹೋದವರು, ಮಾಡಲು ಕೆಲಸವಿಲ್ಲದೆ ಅಲ್ಲಿನ ಕೌನ್ಸಿಲ್ಲಿಗೆ ಕಸದ ಡಬ್ಬಿಯ ಬಗ್ಗೆ ಒಂದು ಇಮೇಲ್ ಹಾಕಿದರು. ಚಳಿಯ ವರ್ಣನೆ ಎರಡು ಪ್ಯಾರಾ. ಕೊನೆಗೆ, ಕಸದ ಗುತ್ತಿಗೆಗೆ ಹೋದ ವರ್ಷ ಎಷ್ಟು ಕೊಟ್ಟಿರಿ? ಅಲ್ಲಿನ 2000ದ ಮಾಹಿತಿ ಕಾಯ್ದೆಗೆ ಬೇಕಾದದ್ದು ಇಷ್ಟೇ: ಬರಹದಲ್ಲಿರಬೇಕು, ಹೆಸರಿರಬೇಕು, ಉತ್ತರಕ್ಕೊಂದು ವಿಳಾಸವಿರಬೇಕು, ಏನು ಬೇಕೆಂದು ತಿಳಿಯಬೇಕು. ಇಮೇಲ್ ವಿಳಾಸವೇ ಸಾಕು. ಕಾಯ್ದೆಯ ಹೆಸರನ್ನೂ ಎತ್ತಬೇಕಿಲ್ಲ. 20 ಕೆಲಸದ ದಿನಗಳ ಗಡುವಿನೊಳಗೆ ಪೌಂಡು-ಪೆನ್ನಿ ಸಮೇತ ಲೆಕ್ಕ ಬಂತು. “ನಾನು ಕಾನೂನು ಪ್ರಕಾರ ಕೇಳಿದ್ದೀನಂತೆ ಕಣ್ರೀ! ನನಗೇ ಗೊತ್ತಿರಲಿಲ್ಲ!” ಆ ಉತ್ತರ ಈಗ ಲ್ಯಾಮಿನೇಟ್ ಆಗಿ ಷೋಕೇಸಿನಲ್ಲಿದೆ, ಚನ್ನಪಟ್ಟಣದ ಬೊಂಬೆಗಳ ಪಕ್ಕ.

ಊರಿಗೆ ಬಂದವರೇ ಅದೇ ಧಾಟಿಯಲ್ಲಿ ಚರಂಡಿಯ ಇಮೇಲ್ ಕಳಿಸಿದರು. ಉತ್ತರವಿಲ್ಲ. ಕಚೇರಿಗೇ ಹೋದರು. ಗುಮಾಸ್ತರು ಒಳ್ಳೆಯವರು, ಕೂರಿಸಿ ಹೇಳಿದರು: “ಸಾರ್, ನಮ್ಮ 2005ರ ಕಾಯ್ದೆಯಲ್ಲೂ ಇಮೇಲಿಗೆ ಅಡ್ಡಿಯಿಲ್ಲ. ಆದರೆ ಅರ್ಜಿಯ ಜೊತೆ ₹10 ಇರಬೇಕು.”

“ಇಮೇಲಿಗೆ ಹತ್ತು ರೂಪಾಯಿ ಎಲ್ಲಿ ಅಂಟಿಸಲಿ?”

“ಆನ್‌ಲೈನ್ ಪೋರ್ಟಲ್ ಇದೆ ಸಾರ್, ಅಲ್ಲೇ ಕಟ್ಟಬಹುದು. ಇನ್ನೊಂದು, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ.”

ದುಡ್ಡಿಗೆ ರಾಯರು ಅಂಜುವವರಲ್ಲ. ಅವರನ್ನು ಕುಗ್ಗಿಸಿದ್ದು ಆ ನೂರೈವತ್ತು. ಅವರ ಕ್ಷೇಮಸಮಾಚಾರಕ್ಕೇ ಅಷ್ಟು ಬೇಕು. ಮಾಹಿತಿ ಯಾಕೆ ಬೇಕೆಂದು ಹೇಳಬೇಕಾಗಿಯೇ ಇಲ್ಲ, 6(2)ನೇ ಕಲಮು ಓದಿ ಸಾರ್, ಅಂದಾಗಲಂತೂ ಮುಖ ಕೆಂಪಾಯಿತು. “ಕಾರಣ ಹೇಳದೆ ಕೇಳೋದಾ? ಮರ್ಯಾದಸ್ಥರು ಹಾಗೆ ಕೇಳ್ತಾರೇನ್ರೀ?”

ನಮ್ಮ ಕಾಯ್ದೆಗೆ ಹಲ್ಲಿಲ್ಲವೆಂದಲ್ಲ. ಸಾಮಾನ್ಯ ಅರ್ಜಿಗೆ 30 ದಿನ, ಪ್ರಾಣ-ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಸರಿಯಾದ ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ. ಆದರೆ ಅದು ಅರ್ಜಿಯನ್ನು ಗುರುತಿಸುತ್ತದೆಯೇ ಹೊರತು ಹರಟೆಯನ್ನಲ್ಲ. ಹರಟೆಯೊಳಗಿನ ಪ್ರಶ್ನೆಯನ್ನು ಹೆಕ್ಕಿಕೊಳ್ಳುವ ತಾಳ್ಮೆ ಇಂಗ್ಲೆಂಡಿನ ಕಾಯ್ದೆಗಿದೆ, ಮತ್ತು ನನ್ನನ್ನು ಕೇಳಿದರೆ ನಮ್ಮ ಜನಕ್ಕೆ ಬೇಕಿದ್ದದ್ದು ಅದೇ.

ರಾಯರು ಒಂದು ವಾರ ಕಾಯ್ದೆ ಓದಿದರು, ಪೆನ್ಸಿಲಿನಲ್ಲಿ ಗೆರೆ ಎಳೆದು. ಮತ್ತೆ ಕಚೇರಿಗೆ ಹೋದಾಗ ಅವರದೇ ಕೈಮೇಲು. “6(1)ನೇ ಕಲಮಿನ ಕೊನೆ ನೋಡ್ರಿ. ಬರೆದು ಕೊಡೋಕಾಗದವರು ಬಾಯಲ್ಲಿ ಹೇಳಿದರೆ, ಅದನ್ನ ಬರಹಕ್ಕಿಳಿಸೋಕೆ ಅಧಿಕಾರಿಗಳು ನೆರವಾಗಬೇಕು.”

“ಅದು ಬರೆಯೋಕೆ ಬರದವರಿಗೆ ಸಾರ್!”

“ನನಗೂ ಬರಲ್ಲವಲ್ಲ ಸ್ವಾಮಿ, ನೂರೈವತ್ತರೊಳಗೆ!” ಅನ್ನುತ್ತ ರಾಯರು ಕುರ್ಚಿ ಎಳೆದುಕೊಂಡು ಕೂತರು.