ಅಲ್ಲೆಲ್ಲ ಅತ್ತೆ

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ಇವರು ಒಂದು ಜಾಡಿ ಉಪ್ಪಿನಕಾಯಿ ಹೊತ್ತುಕೊಂಡು ಹೋಗಿ, ಮೂರು ತಿಂಗಳಿದ್ದು, ಜಾಡಿ ಖಾಲಿಯಾದ ಜಾಗದಲ್ಲಿ ಒಂದೇ ಒಂದು ಮಾತನ್ನು ತುಂಬಿಕೊಂಡು ಬರುತ್ತಾರೆ. ಆ ಮಾತು ‘ಅಲ್ಲೆಲ್ಲ’.

ಅರಸೀಕೆರೆಯ ನಮ್ಮ ಸೋದರತ್ತೆ ಸ್ಟುಟ್‌ಗಾರ್ಟಿಗೆ ಹೋಗಿ ಬಂದು ಎರಡು ವರ್ಷವಾಯಿತು. ಜಂಕ್ಷನ್ನಿನಲ್ಲಿ ರೈಲಿಳಿದು ಆಟೊ ಹತ್ತಿದವರೇ, “ಅಲ್ಲೆಲ್ಲ ಆಟೊ ಹೀಗೆ ಕುಲುಕಲ್ಲಪ್ಪ” ಅಂದರಂತೆ. ಅಲ್ಲಿ ಆಟೊವೇ ಓಡುವುದಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಸೊಪ್ಪಿನವಳಿಗೆ, “ಅಲ್ಲೆಲ್ಲ ಸೊಪ್ಪಲ್ಲಿ ಮಣ್ಣೇ ಇರಲ್ಲ ಕಣಮ್ಮ.” ಅವಳೇನು ಸುಮ್ಮನಿರುವವಳೇ? “ಮಣ್ಣಿಲ್ದೆ ಎಲ್ಲಿ ಬೆಳೀತಾರವ್ವಾ?” ಶಿವಾಲಯದ ಎದುರು ನಿಂತರೆ ಇನ್ನೊಂದು. 1220ರ ಸುಮಾರಿನ ಗುಡಿ, ಹದಿನಾರು ಮೂಲೆಯ ನಕ್ಷತ್ರದಂಥ ಮುಖಮಂಟಪ. ಅಂಥ ಮಂಟಪ ಬೇಲೂರಿನಲ್ಲೂ ಇಲ್ಲ, ಹಳೇಬೀಡಿನಲ್ಲೂ ಇಲ್ಲ. ಆದರೂ 2023ರಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರವನ್ನು ಪಟ್ಟಿಗೆ ಸೇರಿಸಿಕೊಂಡು ನಮ್ಮದನ್ನು ಬಿಟ್ಟರು. “ಅಲ್ಲೆಲ್ಲ ಆಗಿದ್ರೆ ಇದಕ್ಕೂ ಟಿಕೇಟು ಇಟ್ಟಿರೋರು” ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಇದೊಂದರಲ್ಲಿ ಮಾತ್ರ ನಾನು ಅವರ ಪಕ್ಷ.

ಈ ಏಪ್ರಿಲ್‌ನಲ್ಲಿ ಮಗ, ಸೊಸೆ, ಮೊಮ್ಮಗ ಊರಿಗೆ ಬಂದರು. ಮೊಮ್ಮಗನಿಗೆ ಎಂಟು ತುಂಬುವುದಿತ್ತು. ತಾರಸಿಯ ಮೇಲೆ ಶಾಮಿಯಾನ, ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಪಾರ್ಟಿಗೆ ಏನು? ಅತ್ತೆ ಘೋಷಿಸಿದರು: “ಅಲ್ಲೆಲ್ಲ ಚಾಕೊಲೇಟಲ್ಲಿ ಅದ್ದಿದ ಬ್ರೆಜ್ಜಲ್ಲು ಕೊಡ್ತಾರೆ.”

ಬ್ರೆಟ್ಸೆಲ್ ಎಂದರೆ ಗೋದಿಹಿಟ್ಟಿನ ಹೊಸೆದ ಹುರಿ. ಕೈಕಟ್ಟಿ ನಿಂತ ಮಗುವಿನ ಹಾಗೆ ಗಂಟು ಹಾಕಿ, ಕಾಸ್ಟಿಕ್ ಸೋಡಾ ಕರಗಿಸಿದ ತೆಳು ನೀರಿನಲ್ಲಿ ಅದ್ದಿ, ಮೇಲೆ ಹರಳುಪ್ಪು ಉದುರಿಸಿ ಬೇಯಿಸುತ್ತಾರೆ. ಆ ಕಂದು ಹೊಳಪು ಬರುವುದು ಸೋಡಾದಿಂದಲೇ. ಅತ್ತೆ ಚೀಟಿ ಕೊಟ್ಟು ನನ್ನನ್ನು ಅಂಗಡಿಗೆ ಅಟ್ಟಿದರು. ಅಂಗಡಿಯವರು ಚೀಟಿ ಓದಿದರು: ಮೈದಾ ಎರಡು ಕೆಜಿ, ಬಲೂನು ಐವತ್ತು, ಮೇಣದಬತ್ತಿ ಎಂಟು, ಕಾಸ್ಟಿಕ್ ಸೋಡಾ ಕಾಲು ಕೆಜಿ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮನೇಲಿ ಪಾರ್ಟಿನೋ, ಮೋರಿ ಕಟ್ಕೊಂಡಿದ್ಯೋ?”

ಮನೆಗೆ ಬಂದು ಹೇಳಿದಾಗ ನಮ್ಮಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಿದರು. “ಬಾಗಿರತ್ತೆ, ಉಪ್ಪಿರತ್ತೆ, ಮುರಿದ್ರೆ ಕಟುಂ ಅನ್ನತ್ತೆ. ಇದು ಕೋಡುಬಳೆ ಅಲ್ವೇ ಅತ್ತಿಗೆ?”

ಅತ್ತೆ ಒಂದು ನಿಮಿಷ ಯೋಚಿಸಿ, “ಅಲ್ಲೆಲ್ಲ ಇದಕ್ಕೆ ಫ್ಯೂಷನ್ ಅಂತಾರೆ” ಎಂದು ಒಪ್ಪಿಕೊಂಡರು.

ಕೋಡುಬಳೆಯ ವಿಷಯದಲ್ಲಿ ನಮ್ಮಮ್ಮನಿಗೆ ಯಾರ ಮಾತೂ ಬೇಕಿಲ್ಲ. ಅಕ್ಕಿಹಿಟ್ಟು, ಚಿರೋಟಿ ರವೆ, ಒಂದು ಹಿಡಿ ಹುರಿಗಡಲೆ ಪುಡಿ. ಒಣಕೊಬ್ಬರಿ, ಒಣಮೆಣಸಿನಕಾಯಿ, ಇಂಗು ರುಬ್ಬಿದ್ದು. ತೆಂಗಿನ ಸೀಮೆಯಾದ್ದರಿಂದ ಕೊಬ್ಬರಿಗೆ ಲೆಕ್ಕವಿಲ್ಲ. ಕಾದ ಎಣ್ಣೆ ಸುರಿದಾಗ ಹಿಟ್ಟು ಚುಂಯ್ ಎನ್ನಬೇಕು. ಎನ್ನದಿದ್ದರೆ ಕೋಡುಬಳೆ ಕಲ್ಲಾಗುತ್ತದೆ. ಮಣೆಯ ಮೇಲೆ ಕಿರುಬೆರಳ ಗಾತ್ರಕ್ಕೆ ಹೊಸೆದು, ಎರಡು ತುದಿ ಸೇರಿಸಿ ಹೆಬ್ಬೆರಳಿನಿಂದ ಒಮ್ಮೆ ಒತ್ತಬೇಕು. ಆ ಒತ್ತು ಸರಿಯಿಲ್ಲದಿದ್ದರೆ ಬಾಣಲೆಯಲ್ಲಿ ಬಳೆ ಬಾಯಿಬಿಟ್ಟು ಬರೀ ಕೋಡಾಗುತ್ತದೆ. ನಾನು ಒತ್ತಿದವೆಲ್ಲ ಕೋಡುಗಳೇ ಆದವು.

“ಚಾಕೊಲೇಟಿಗೆ ಖಾರ ಬೇಡ” ಎಂದಳು ಸೊಸೆ. ಅತ್ತೆ ಕೇಳಲಿಲ್ಲ. ಅವರ ಕಡೆಗೂ ನ್ಯಾಯವಿತ್ತು: ಮೆಕ್ಸಿಕೋದ ಹಳಬರು ಕೋಕೋವನ್ನು ಮೆಣಸಿನಕಾಯಿ ಹಾಕಿಯೇ ಕುಡಿಯುತ್ತಿದ್ದರು. ಮೆಣಸಿನಕಾಯಿ, ಕೋಕೋ ಎರಡೂ ಆ ಕಡೆಯಿಂದ ಸಮುದ್ರ ದಾಟಿ ಬಂದಂಥವು. ಅಂದರೆ ನಮ್ಮ ಕೋಡುಬಳೆಯ ಖಾರವೂ ಒಂದು ಕಾಲಕ್ಕೆ ‘ಅಲ್ಲೆಲ್ಲ’ದ್ದೇ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅತ್ತೆಯನ್ನು ಹಿಡಿಯುವವರಿರಲಿಲ್ಲ.

ಇನ್ನು ಚಾಕೊಲೇಟ್. ಬೇಕರಿಗಳಲ್ಲಿ ಕಾಂಪೌಂಡ್ ಗಟ್ಟಿ ಸಿಗುತ್ತದೆ. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿದ್ದು. ಕರಗಿಸು, ಅದ್ದು, ಆರಿಸು, ತಕರಾರಿಲ್ಲ. ಅದು ಬೇಡವಾದರೆ ಶಿರಾಡಿ ಘಾಟಿ ಇಳಿದರೆ ಪುತ್ತೂರಿನಲ್ಲಿ ಕ್ಯಾಂಪ್ಕೋದವರು 1986ರಿಂದ ಚಾಕೊಲೇಟ್ ಮಾಡುತ್ತಿದ್ದಾರೆ ಎಂದು ಮಾವ ಪೇಪರಿನ ಹಿಂದಿನಿಂದ ಹೇಳಿದರು. ಅತ್ತೆಯದು ಒಂದೇ ಹಟ: ಮಗ ತಂದ ಜರ್ಮನಿಯ ಅಪ್ಪಟ ಚಾಕೊಲೇಟೇ ಆಗಬೇಕು.

ಅಪ್ಪಟದ್ದಕ್ಕೆ ಮಡಿ ಜಾಸ್ತಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ಬಾಯಲ್ಲಿಟ್ಟರೆ ಕರಗುವುದು ಅದಕ್ಕೇ, ಏಪ್ರಿಲ್‌ನ ಅರಸೀಕೆರೆಯಲ್ಲಿ ಡಬ್ಬಿಯಲ್ಲೇ ಕರಗುವುದೂ ಅದಕ್ಕೇ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು 45 ಡಿಗ್ರಿಗೆ ಕರಗಿಸಿ, 28ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿ ಅದ್ದಿದರೆ ಹೊಳೆಯುತ್ತದೆ, ಮುರಿದಾಗ ಸದ್ದು ಮಾಡುತ್ತದೆ. ಒಂದು ಹನಿ ನೀರು ಬಿದ್ದರೂ ಸಕ್ಕರೆಯ ಕಣಗಳೆಲ್ಲ ಅಂಟಿಕೊಂಡು ಒಡೆದ ಹಾಲಿನ ಹಾಗೆ ಗಂಟುಕಟ್ಟುತ್ತದೆ. ಮೊದಲ ಬಟ್ಟಲು ಹೋದದ್ದು ಹಾಗೆ. ಅತ್ತೆ ಮುಚ್ಚಳ ತೆಗೆದರು, ಆವಿಯ ಹನಿ ತಟಕ್ಕೆಂದಿತು, ಅರ್ಧ ಕೆಜಿ ಜರ್ಮನಿ ಮಗ್ಗಿನಲ್ಲಿ ಹಾಲು ಸೇರಿ ಮನೆಮಂದಿಯ ಹೊಟ್ಟೆಗೆ ಹೋಯಿತು.

ಎರಡನೆಯ ಬಟ್ಟಲಿಗೆ ಥರ್ಮಾಮೀಟರ್ ಬೇಕೆಂದಾಯಿತು. ಮನೆಯಲ್ಲಿದ್ದದ್ದು ಜ್ವರ ನೋಡುವುದು, ಬ್ಯಾಟರಿಯದು. ಮಾವನೇ ಅದನ್ನು ಚೆನ್ನಾಗಿ ಒರೆಸಿ ಚಾಕೊಲೇಟಿಗೆ ಇಟ್ಟು, ಕೀ ಎಂದು ಕೂಗುವ ತನಕ ಕಾದು, ಕನ್ನಡಕ ಏರಿಸಿ ಓದಿದರು.

“ಏನಂತೆ?” ಅತ್ತೆ ಕೇಳಿದರು.

“ಲೋ ಅಂತಿದೆ.”

“ಯಾರನ್ನ?”

ಜ್ವರದ ಥರ್ಮಾಮೀಟರಿಗೆ ಮನುಷ್ಯನ ಮೈಬಿಸಿಗಿಂತ ತೀರ ಕೆಳಗಿನ ಲೆಕ್ಕ ಬರುವುದಿಲ್ಲ. 31 ಡಿಗ್ರಿಗೆ ಅದು ಇಂಗ್ಲಿಷಿನಲ್ಲಿ ‘ಲೋ’ ಎಂದು ಕೈಚೆಲ್ಲುತ್ತದೆ. ಮೂರು ಸಲ ಇಟ್ಟರೂ ಲೋ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಮ್ಯಾನೇಜರರಿಂದಲೂ ಏಕವಚನ ಕೇಳದ ಮಾವ ಅದನ್ನು ಡಬ್ಬಿಗೆ ಹಾಕಿ, “ಚಾಕೊಲೇಟಿಗೆ ಜ್ವರ ಇಲ್ಲ, ಅದ್ದು” ಎಂದರು. ಅದ್ದಿದೆವು. ಫ್ರಿಜ್ಜಿನಲ್ಲಿ ದೋಸೆಹಿಟ್ಟನ್ನೂ ಮಲ್ಲಿಗೆ ಮೊಗ್ಗನ್ನೂ ಸರಿಸಿ ತಟ್ಟೆಗಳಿಗೆ ಜಾಗ ಮಾಡಿದೆವು.

ಮರುದಿನ ಗಟ್ಟಿಯಾಗುವ ಹೊತ್ತಿಗೆ ಮೊಮ್ಮಗನಿಗೆ ಬೇಲೂರು ಹಳೇಬೀಡು ತೋರಿಸಿ ಬರೋಣವೆಂದು ಜಾವಗಲ್ ದಾರಿಯಲ್ಲಿ ಹೊರಟೆವು. ಹಳೇಬೀಡಿನಲ್ಲಿ ಗೈಡು ಬಳಪದ ಕಲ್ಲಿನ ಗುಟ್ಟು ಹೇಳಿದ: ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಉಳಿಗೆ ಬಗ್ಗುತ್ತದೆ, ಗಾಳಿಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆನೆಯ ಸಾಲಿನ ಮುಂದೆ ನಿಂತಿದ್ದ ಮಾವ, “ಹೊಯ್ಸಳರು ಕೋಡುಬಳೆಗೆ ಇದನ್ನೇ ಬಳಿದಿರೋರು” ಎಂದರು. ಅತ್ತೆ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಚೆನ್ನಕೇಶವನ ಗುಡಿ 1117ರದ್ದು ಎಂದು ಅಲ್ಲಿನ ಗೈಡು ಶುರುಮಾಡಿದ್ದೇ ತಡ, ಮೊಮ್ಮಗ “ಗೊತ್ತು” ಅಂದ. ಹೇಗೋ ಎಂದರೆ, “ಅಜ್ಜಿ ಉಲ್ಮ್‌ನಲ್ಲಿ ಹೇಳಿದ್ರು.”

ಉಲ್ಮ್ ಎಂದರೆ ಸ್ಟುಟ್‌ಗಾರ್ಟ್ ಕಡೆಯ ಊರು, ದೊಡ್ಡ ಚರ್ಚಿದೆ. 1377ರಲ್ಲಿ ಕಟ್ಟಲು ಶುರುಮಾಡಿ ಗೋಪುರ ಮುಗಿದದ್ದು 1890ಕ್ಕೆ. ಅದರ ಕೆಳಗೆ ನಿಂತು ಅತ್ತೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ, “ಅಲ್ಲೆಲ್ಲ ಇವರು ಪಾಯ ತೋಡೋ ಮುಂಚೇನೇ ನಮ್ಮೋರು ಮುಗಿಸಿ ಪೂಜೆ ಮಾಡ್ತಿದ್ರು” ಅಂದರಂತೆ. ಅಷ್ಟೇ ಅಲ್ಲ. ಹುಡುಗ ಲೆಕ್ಕ ಒಪ್ಪಿಸಿದ: ಅಲ್ಲೆಲ್ಲ ಎಳನೀರು ಮನೆಬಾಗಿಲಿಗೆ ಬರತ್ತೆ, ಅಲ್ಲೆಲ್ಲ ಹಾಲು ಡಬ್ಬದಲ್ಲಿ ಕೊಡಲ್ಲ, ಅಲ್ಲೆಲ್ಲ ಭಾನುವಾರ ಅಂಗಡಿ ಮುಚ್ಚಲ್ಲ. ಅಪಾರ್ಟ್‌ಮೆಂಟಿನ ಜರ್ಮನ್ ಮುದುಕಿಯರಿಗೂ ಆ ಒಂದು ಶಬ್ದ ಬಾಯಿಪಾಠವಾಗಿದೆಯಂತೆ. ಅರಸೀಕೆರೆಗೆ ಅದೇ ಹೆಸರು ಎಂದುಕೊಂಡಿದ್ದಾರೆ. ಅತ್ತೆ ಗುಡಿಯ ದರ್ಪಣಸುಂದರಿ ಶಿಲ್ಪದ ಕನ್ನಡಿಯನ್ನೇ ನೋಡುತ್ತ ನಿಂತಿದ್ದರು.

ಸಂಜೆ ಫ್ರಿಜ್ಜು ತೆಗೆದರೆ ಒಳಗಿನ ದೀಪವಿಲ್ಲ. ಕರೆಂಟು ಮಧ್ಯಾಹ್ನ ಹೋಗಿ, ಬಂದು, ಮತ್ತೆ ಹೋಗಿತ್ತು. ಅಳತೆ ತಪ್ಪಿದ ಚಾಕೊಲೇಟ್ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಅದರ ಬೆಣ್ಣೆ ಮೇಲೆದ್ದು ಬೂದಿ ಬಳಿದಂತಾಗುತ್ತದೆ. ತಿಂದರೆ ಏನೂ ಆಗುವುದಿಲ್ಲ. ಪಾರ್ಟಿಗೆ ಬಂದ ಎದುರುಮನೆಯವರಿಗೆ ಅದು ಹೇಗೆ ತಿಳಿಯಬೇಕು? ತಟ್ಟೆ ನೋಡಿ ಪಿಸುಗುಟ್ಟಿದರು: “ಬೂಷ್ಟು ಬಂದಿದೆ ಕಣ್ರೀ.”

“ಅಲ್ಲೆಲ್ಲ ಹೀಗೇ ಇರೋದು” ಅಂದರು ಅತ್ತೆ.

“ಇಲ್ಲ ಅಜ್ಜಿ, ಅಲ್ಲಿ ಹೀಗಿರಲ್ಲ” ಅಂದ ಮೊಮ್ಮಗ.

“ಲೋ!” ಎಂದಿತು ಒಂದು ದನಿ. ಈ ಸಲ ಥರ್ಮಾಮೀಟರಲ್ಲ, ಮಾವ.

ಬೀದಿಯ ಮಕ್ಕಳು ಚಾಕೊಲೇಟಷ್ಟನ್ನೂ ನೆಕ್ಕಿ ಬೋಳು ಕೋಡುಬಳೆಗಳನ್ನು ತಟ್ಟೆಗೇ ವಾಪಸು ಇಟ್ಟರು. ಮೂಲೆಮನೆಯ ಅಜ್ಜಿ ಕೋಡುಬಳೆ ಬಿಡಲೊಲ್ಲರು, ಕರಿಬಣ್ಣದ್ದು ಒಲ್ಲರು. ನಲ್ಲಿಯಡಿ ಹಿಡಿದು ತೊಳೆದರು. ಬೆಣ್ಣೆಯಂಶ ತಣ್ಣೀರಿಗೆ ಜಗ್ಗುತ್ತದೆಯೇ? ಕೊನೆಗೆ ಒಂದು ಲೋಟ ಬಿಸಿನೀರು ಕೇಳಿದರು. ಬಿಸಿನೀರು ತಂದುಕೊಟ್ಟವರು ಅತ್ತೆಯೇ. ಅಜ್ಜಿ ಅದರಲ್ಲಿ ಅದ್ದಿ, ತೆಗೆದು, ಸೆರಗಿನಲ್ಲಿ ಒರೆಸಿ, ಕಟುಂ ಎನಿಸಿ ತಿಂದು, “ಕೋಡುಬಳೆ ಚೆನ್ನಾಗಿದೆ. ಎಲ್ಲೀದು?” ಎಂದರು.

ಅತ್ತೆ ಬಾಯಿ ತೆರೆದರು. ಮೊಮ್ಮಗ ಪಕ್ಕದಲ್ಲೇ ನಿಂತಿದ್ದ.

“ಒಳಗಡೆದು” ಅಂದರು.