ಸಾಯದವರ ಖಾನೇಷುಮಾರಿ

ಸರ್ಕಾರಕ್ಕೆ ಲೆಕ್ಕ ಬರುವುದಿಲ್ಲ ಎಂದು ದೂರುವವರು 2020ರ ಸೆಪ್ಟೆಂಬರ್ 14ರ ಸಂಸತ್ ಕಲಾಪವನ್ನು ಒಮ್ಮೆ ತಿರುವಿ ನೋಡಬೇಕು. ಮುಂಗಾರು ಅಧಿವೇಶನದ ಮೊದಲ ದಿನ. ಲಾಕ್‌ಡೌನ್ ಮಾಡಿದ್ದರಿಂದ 14ರಿಂದ 29 ಲಕ್ಷ ಜನರಿಗೆ ಸೋಂಕು ತಗಲುವುದು ತಪ್ಪಿತು, 37 ಸಾವಿರದಿಂದ 78 ಸಾವಿರ ಸಾವು ತಪ್ಪಿತು ಎಂದು ಅಂದಿನ ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್ ಸದನಕ್ಕೆ ತಿಳಿಸಿದರು. ಅದೇ ದಿನ, ಅದೇ ಕಟ್ಟಡದಲ್ಲಿ ಇನ್ನೊಂದು ಪ್ರಶ್ನೆಯೂ ಬಂತು. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಮಂದಿ ಸತ್ತರು? ಅಂಥ ಮಾಹಿತಿ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಬರೆದು ಕೊಟ್ಟಿತು. ಹಾಗಾದರೆ ಸತ್ತವರ ಮನೆಯವರಿಗೆ ಪರಿಹಾರ? ಮಾಹಿತಿಯೇ ಇಲ್ಲದ ಮೇಲೆ ಆ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಇದನ್ನು ಅಸಡ್ಡೆ ಎನ್ನುವವರಿಗೆ ಆಡಳಿತದ ಸೂಕ್ಷ್ಮ ಗೊತ್ತಿಲ್ಲ. ಸತ್ತವರನ್ನು ಎಣಿಸುವುದಕ್ಕೆ ಏನಿದೆ? ಬೆರಳು ಇದ್ದವರೆಲ್ಲ ಎಣಿಸಬಹುದು. ಸಾಯದೆ ಉಳಿದವರನ್ನು, ಅದರಲ್ಲೂ ಲಾಕ್‌ಡೌನ್ ಇರದಿದ್ದರೆ ಸಾಯುತ್ತಿದ್ದವರನ್ನು ಮಾತ್ರ ಹುಡುಕಿ ಎಣಿಸುವುದಕ್ಕೆ ಗುಂಡಿಗೆ ಬೇಕು. ಊರಿಗೆ ವಾಪಸಾದ ಕಾರ್ಮಿಕರು ಒಂದು ಕೋಟಿಗೂ ಹೆಚ್ಚು ಎಂಬುದು ಅದೇ ಸಚಿವಾಲಯಕ್ಕೆ ಗೊತ್ತಿತ್ತು. ಹೊರಟವರು ಗೊತ್ತು, ತಲುಪಿದವರು ಗೊತ್ತು, ನಡುವೆ ರಸ್ತೆಯಲ್ಲಿ ಏನಾಯಿತು ಎಂಬುದಷ್ಟೇ ಗೊತ್ತಿಲ್ಲ. ರೈಲ್ವೆಯವರು ಮಾತ್ರ ಪಾಪ, ಈ ಶಿಸ್ತಿಗೆ ಹೊಸಬರಿರಬೇಕು. ಶ್ರಮಿಕ್ ರೈಲುಗಳಲ್ಲಿ 97 ಮಂದಿ ಸತ್ತರು ಎಂದು ಅದೇ ವಾರ ರಾಜ್ಯಸಭೆಯಲ್ಲಿ ಬಾಯಿ ಬಿಟ್ಟರು.

ಸಾಯದವರ ಲೆಕ್ಕ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. 2020ರ ಮೇ 22ರಂದು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಅದು ಹರಾಜಿನ ಮಾದರಿಯಲ್ಲಿ ನಡೆಯಿತು. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1.2 ಲಕ್ಷದಿಂದ 2.1 ಲಕ್ಷ ಜೀವ ಉಳಿಯಿತು ಎಂದು ಕೂಗಿತು. ಪಬ್ಲಿಕ್ ಹೆಲ್ತ್ ಫೌಂಡೇಶನ್ 78 ಸಾವಿರ ಎಂದಿತು. ಅಂಕಿಅಂಶ ಸಚಿವಾಲಯದ ಪಾಲಿನದು 54 ಸಾವಿರ. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಒಂದೊಂದು ಪಟ್ಟಣದ ಜನಸಂಖ್ಯೆಯಷ್ಟು ಅಂತರ. ಯಾವ ವರದಿಗಾರನೂ ಎದ್ದು ನಿಂತು, ಸ್ವಾಮಿ, ಇವರಲ್ಲಿ ನಾನಿದ್ದೇನಾ ಎಂದು ಕೇಳುವ ಹಾಗಿಲ್ಲ. ಆಗದ ಸಾವಿಗೆ ಸಾಕ್ಷಿ ಇಲ್ಲ, ಮರಣೋತ್ತರ ಪರೀಕ್ಷೆ ಇಲ್ಲ, ಪರಿಹಾರವೂ ಕೊಡಬೇಕಿಲ್ಲ. ಸರ್ಕಾರವೊಂದಕ್ಕೆ ಇದಕ್ಕಿಂತ ಒಳ್ಳೆಯ ಪ್ರಜೆಗಳು ಸಿಗಲಾರರು.

ಅದಕ್ಕೆ ಮೊದಲು ಏಪ್ರಿಲ್ 24ರಂದು ನೀತಿ ಆಯೋಗದ ಸದಸ್ಯ ವಿ.ಕೆ. ಪಾಲ್ ಒಂದು ನಕ್ಷೆ ತೋರಿಸಿದ್ದರು. ಅದರಲ್ಲಿ ಹೊಸ ಸೋಂಕಿನ ಗೆರೆ ಏರಿ, ಬಾಗಿ, ಜಾರುಬಂಡೆಯ ಮೇಲಿನ ಮಗುವಿನ ಹಾಗೆ ಸರ್ರನೆ ಇಳಿದು, ಮೇ 16ಕ್ಕೆ ಸೊನ್ನೆ ಮುಟ್ಟುತ್ತಿತ್ತು. ಮೇ 16 ಬಂತು. ಹೊಸ ಪ್ರಕರಣ ದಿನಕ್ಕೆ ಐದು ಸಾವಿರದ ಹತ್ತಿರ. ಇಂಥ ದಿನಕ್ಕೆ ಸೊನ್ನೆ ಆಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ತಪ್ಪಾಗಿ ಅರ್ಥವಾಯಿತು ಎಂದು ಅವರು ಆಮೇಲೆ ವಿಷಾದ ವ್ಯಕ್ತಪಡಿಸಿದರು. ನಮ್ಮ ಕಣ್ಣಿಗೆ ನಕ್ಷೆ ಓದುವುದು ಬರುವುದಿಲ್ಲ, ಅಷ್ಟೆ. ಮಹಾಭಾರತ ಯುದ್ಧ 18 ದಿನ, ಈ ಯುದ್ಧ 21 ದಿನ ಎಂದು ಪ್ರಧಾನಿ ಹೇಳಿದ್ದನ್ನೂ ನಾವು ಹೀಗೇ ಅಕ್ಷರಶಃ ತಿಳಿದುಕೊಂಡಿದ್ದೆವು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ದೇಶ ಮುಚ್ಚಿದಾಗ ತಟ್ಟೆ ಬಡಿದವರ ಕೈ ನೋವು ಇನ್ನೂ ಹೋಗಿರಲಿಲ್ಲ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲೇ ಆದದ್ದು, ಆದ್ದರಿಂದ ಈ ವಿಷಯದಲ್ಲಿ ನಮಗೊಂದು ಹಿರಿತನ ಇದೆ. ಸಂಜೆಯ ಬುಲೆಟಿನ್ನಿಗೆ ಇಡೀ ಕರ್ನಾಟಕ ಕಾಯುತ್ತಿದ್ದ ದಿನಗಳು ನೆನಪಿರಬೇಕು. ಪಿ-ಇಂತಿಷ್ಟು, ಇಂಥ ವಯಸ್ಸು, ಗಂಡು, ಇಂಥವರ ಸಂಪರ್ಕ. ಯಾರ ಸಂಪರ್ಕ ಎಂದು ಗೊತ್ತಾಗದಿದ್ದರೆ 'ಪತ್ತೆ ಕಾರ್ಯ ಪ್ರಗತಿಯಲ್ಲಿದೆ'. ನಂಜನಗೂಡಿನ ಔಷಧ ಕಾರ್ಖಾನೆಯ ಪಿ-52ರಿಂದ ಕವಲೊಡೆದ ವಂಶವೃಕ್ಷ ಟಿ.ವಿ. ಪರದೆಯಲ್ಲಿ ಯದುವಂಶದ್ದಕ್ಕಿಂತ ವಿಸ್ತಾರವಾಗಿತ್ತು. ನಿರೂಪಕರು ಹತ್ತು ಹೆಚ್ಚಾದರೆ ಸ್ಫೋಟ, ನೂರು ಹೆಚ್ಚಾದರೆ ಮಹಾಸ್ಫೋಟ ಎನ್ನುತ್ತಿದ್ದರು. ನಿಜವಾಗಿಯೂ ದಿನಕ್ಕೆ ಐವತ್ತು ಸಾವಿರ ಬಂದಾಗ, ಪಾಪ, ಅವರ ಬಳಿ ಶಬ್ದವೇ ಉಳಿದಿರಲಿಲ್ಲ.

ಬುಲೆಟಿನ್ನಿನಲ್ಲಿ ಕೊರೊನಾದಿಂದ ಸತ್ತವರಿಗೆ ಒಂದು ಖಾನೆ, ಕೊರೊನಾ ಇದ್ದೂ ಬೇರೆ ಕಾರಣಕ್ಕೆ ಸತ್ತವರಿಗೆ ಇನ್ನೊಂದು ಖಾನೆ. ಇದು ಜನರಿಗೆ ಬಹಳ ಹಿಡಿಸಿತು. ಕಟ್ಟೆಯ ಮೇಲೆ ಕೂತವರೆಲ್ಲ ಮರಣ ಪರಿಶೋಧಕರಾದರು. ಅವರಿಗೆ ಶುಗರ್ ಇತ್ತಂತೆ. ಇವರಿಗೆ ಮೊದಲೇ ಹಾರ್ಟು ವೀಕಂತೆ. ಸಕ್ಕರೆ ಕಾಯಿಲೆ ಇಟ್ಟುಕೊಂಡೇ ಇಪ್ಪತ್ತು ವರ್ಷ ಮಾರ್ಕೆಟ್ಟಿನಿಂದ ತರಕಾರಿ ಹೊತ್ತು ತಂದ ಮನುಷ್ಯ ಸೋಂಕು ತಗಲಿದ ಎಂಟನೇ ದಿನಕ್ಕೆ ಸತ್ತರೆ, ಅದು ಸಕ್ಕರೆಯ ತಪ್ಪು. ಇನ್ನೊಂದು ಗುಂಪಿನವರು ಇದೆಲ್ಲ ಬರೀ ಫ್ಲೂ, ಕಷಾಯ ಕುಡಿದರೆ ಸಾಕು, ಅಂಕಿ ಏರಿಸಿ ಆಸ್ಪತ್ರೆಯವರು ದುಡ್ಡು ಹೊಡೆಯುತ್ತಿದ್ದಾರೆ ಎಂದು ವಾಟ್ಸ್ಆ್ಯಪ್ಪಿನಲ್ಲಿ ಪ್ರಬಂಧ ಬರೆದರು. ಒಂದು ಕಡೆಯವರಿಗೆ ಸರ್ಕಾರ ಮುಚ್ಚಿಟ್ಟದ್ದು ಕಂಡಿತು, ಇನ್ನೊಂದು ಕಡೆಯವರಿಗೆ ಉಬ್ಬಿಸಿದ್ದು ಕಂಡಿತು. ಸಂಖ್ಯೆ ಮಾತ್ರ ಒಂದೇ.

ಲೆಕ್ಕ ಇಡುವುದು ಯಾರಿಗೂ ಬರಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಅಬಕಾರಿ ಇಲಾಖೆಗೆ ಬರುತ್ತಿತ್ತು. 2020ರ ಮೇ 4ರಂದು ಮದ್ಯದಂಗಡಿ ತೆರೆಯಿತು. ಅಂದೇ ರಾತ್ರಿಯೊಳಗೆ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ ಎಂಬ ಲೆಕ್ಕ ಹೊರಬಿತ್ತು. ಮರುದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ನಿರ್ಮಾಣದ ದೊಡ್ಡವರನ್ನು ಭೇಟಿಯಾದರು. ಅದರ ಬೆನ್ನಿಗೇ ಊರಿಗೆ ಹೋಗುವ ಕಾರ್ಮಿಕರ ರೈಲುಗಳು ಬೇಡ ಎಂದು ನೈರುತ್ಯ ರೈಲ್ವೆಗೆ ಪತ್ರ ಹೋಯಿತು. ಬೈಗುಳ ಜಾಸ್ತಿಯಾದ ಮೇಲೆ ರೈಲು ಮತ್ತೆ ಹೊರಟಿತು. ಎಷ್ಟು ಸೋಂಕಿದೆ ಎಂದು ನೋಡಿ ಈ ಎರಡು ತೀರ್ಮಾನಗಳನ್ನು ತೆಗೆದುಕೊಂಡರು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಂಬುವಷ್ಟು ಕಷಾಯ ನಾವು ಕುಡಿದಿರಲಿಲ್ಲ.

ವಿಜ್ಞಾನದ ಮಾತು ಕೇಳಿಯೇ ನಡೆದೆವು ಎಂದು ಎಲ್ಲ ಸರ್ಕಾರಗಳೂ ಹೇಳಿಕೊಂಡವು. ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್ ಕೊನೆಗೇ ಎರಡನೇ ಅಲೆಯ ಎಚ್ಚರಿಕೆ ಕೊಟ್ಟಿತ್ತು. ಸರ್ಕಾರ ಗಂಭೀರವಾಗಿ ಚಿಂತಿಸಿ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಿಸಿತು, ಹತ್ತರಿಂದ ಆರರವರೆಗೆ. ಆಮೇಲೆ ಅದು ಹನ್ನೊಂದರಿಂದ ಐದಾಯಿತು. ಇವತ್ತಲ್ಲ, ನಾಳೆ ಎಂದಾಯಿತು. ನಾಳೆ ಬಂತು, ಸಂಜೆಯ ಹೊತ್ತಿಗೆ ಕರ್ಫ್ಯೂ ವಾಪಸ್. ಒಂದು ದಿನವೂ ಜಾರಿಯಾಗದೆ ಎರಡು ಸಲ ತಿದ್ದುಪಡಿ ಕಂಡ ಆದೇಶ ಇದೊಂದೇ ಇರಬೇಕು.

ಇದಕ್ಕಿಂತ ಸೊಗಸಾದದ್ದು 2021ರ ಏಪ್ರಿಲಿನದು. 2ನೇ ತಾರೀಕು ಚಿತ್ರಮಂದಿರಗಳಲ್ಲಿ ಅರ್ಧ ಸೀಟು ಮಾತ್ರ ಎಂಬ ಆದೇಶ. ಅದರ ಹಿಂದಿನ ದಿನವಷ್ಟೇ 'ಯುವರತ್ನ' ತೆರೆಗೆ ಬಂದಿತ್ತು. ಚಿತ್ರರಂಗ ಎದ್ದು ನಿಂತಿತು, ಮುಖ್ಯಮಂತ್ರಿಗಳ ಬಳಿ ಹೋಯಿತು. ಮರುದಿನ ಹೊಸ ಆದೇಶ: 7ರವರೆಗೆ ಪೂರ್ತಿ ಸೀಟು, ಆಮೇಲೆ ಅರ್ಧ. ಸಿನಿಮಾದವರ ಬೇಡಿಕೆಯಲ್ಲಿ ತಪ್ಪೇನಿಲ್ಲ, ಹೊಟ್ಟೆಪಾಡು ಅವರದ್ದೂ ಹೌದು. ನನ್ನ ಕುತೂಹಲ ವೈರಸ್ಸಿನ ಕಡೆಯಿಂದ ಈ ಐದು ದಿನದ ಕರಾರಿಗೆ ಸಹಿ ಹಾಕಿದ್ದು ಯಾರು ಎಂಬುದು. ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆಗಳ ಜೊತೆಗೂ ಅಂಥದೇ ಕರಾರು ಇದ್ದಿರಬೇಕು. ಏಪ್ರಿಲ್ 17ರ ಮತದಾನದವರೆಗೆ ಪ್ರಚಾರದ ಜನಜಂಗುಳಿಗೆ ಕೊರೊನಾ ಅಡ್ಡಿ ಮಾಡಲಿಲ್ಲ. ಮುಖ್ಯಮಂತ್ರಿಗಳೇ ಪ್ರಚಾರ ಮುಗಿಸಿ ಎರಡನೇ ಸಲ ಪಾಸಿಟಿವ್ ಆಗಿ ಆಸ್ಪತ್ರೆ ಸೇರಿದರು. ಏಪ್ರಿಲ್ 27ರಿಂದ ರಾಜ್ಯ ಬಂದ್. ಅದನ್ನು ಲಾಕ್‌ಡೌನ್ ಎನ್ನಬಾರದು, ಕರ್ಫ್ಯೂ ಎನ್ನಬೇಕು ಎಂದರು. ಬೆಳಗ್ಗೆ ಆರರಿಂದ ಹತ್ತರವರೆಗೆ ಅಂಗಡಿ ತೆರೆದಿಟ್ಟು, ದಿನವಿಡೀ ಚದುರಿ ಬರುತ್ತಿದ್ದ ಜನರನ್ನು ನಾಲ್ಕೇ ಗಂಟೆಯಲ್ಲಿ ಕಲಾಸಿಪಾಳ್ಯದಲ್ಲಿ ಒತ್ತಿ ತುಂಬಿದರು. ಅಂತರ ಕಾಪಾಡಿ ಎಂಬ ಫಲಕವೂ ಅಲ್ಲೇ ಇತ್ತು.

ವಿರೋಧ ಪಕ್ಷದವರು ಈ ಹೊತ್ತಿಗೆಲ್ಲ 'ಲೆಕ್ಕ ಕೊಡಿ' ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ಅವರ ಲೆಕ್ಕಪ್ರೀತಿಯ ಪರೀಕ್ಷೆ 2022ರ ಜನವರಿಯಲ್ಲಿ ಬಂತು. ವಾರಾಂತ್ಯ ಕರ್ಫ್ಯೂ ನಡುವೆಯೇ ಮೇಕೆದಾಟು ಪಾದಯಾತ್ರೆ. ಕೋವಿಡ್ ಪರೀಕ್ಷೆಗೆ ಬಂದ ಅಧಿಕಾರಿಗೆ ಅವರ ನಾಯಕ ಡಿ.ಕೆ. ಶಿವಕುಮಾರ್ ಗಂಟಲ ದ್ರವ ಕೊಡಲು ಒಪ್ಪಲಿಲ್ಲ. ಹೈಕೋರ್ಟ್ ಕಣ್ಣು ಕೆಂಪಾಗಿಸಿದ ಮೇಲೆ ಯಾತ್ರೆ ನಿಂತಿತು. ಆಡಳಿತದವರಿಗೆ ಕೊಡಲು ಲೆಕ್ಕ ಇರಲಿಲ್ಲ, ಕೇಳುವವರಿಗೆ ತಾವೂ ಲೆಕ್ಕಕ್ಕೆ ಸೇರುವುದು ಇಷ್ಟವಿರಲಿಲ್ಲ.

ಎರಡನೇ ಅಲೆಯಲ್ಲಿ ಸೋಂಕಿತರಿಗೆ ಕೊಡುತ್ತಿದ್ದ ಬಿ.ಯು. ನಂಬರ್ ಎಂದರೆ ಬೆಂಗಳೂರಿನವರಿಗೆ ಏನು ಎಂದು ವಿವರಿಸಬೇಕಿಲ್ಲ. ಉಸಿರು ಕಟ್ಟುತ್ತಿದ್ದರೂ ಆ ಸಂಖ್ಯೆ ಬರುವವರೆಗೆ ನೀವು ಸೋಂಕಿತರಲ್ಲ. ಸಂಖ್ಯೆ ಬಾರದೆ ಹಾಸಿಗೆ ಇಲ್ಲ. ಎಷ್ಟೋ ಮಂದಿಯ ವಿಷಯದಲ್ಲಿ ಮನುಷ್ಯ ಮೊದಲು ಹೋದ, ನಂಬರ್ ಆಮೇಲೆ ಬಂತು. ಚಾಮರಾಜಪೇಟೆಯ ಚಿತಾಗಾರದ ಮುಂದೆ 'ಹೌಸ್‌ಫುಲ್' ಎಂಬ ಬೋರ್ಡ್ ನೇತುಹಾಕಿದರು. ಆ ವರ್ಷ ರಾಜ್ಯದಲ್ಲಿ ಯಾವ ಸಂಪಾದಕನೂ ತಿದ್ದಬೇಕಾಗದ ಅಂಕಿಅಂಶ ಎಂದರೆ ಅದೊಂದೇ.

ಚಾಮರಾಜನಗರದ ಬಗ್ಗೆ ವ್ಯಂಗ್ಯ ಬರೆಯುವುದು ಕಷ್ಟ, ಆದರೆ ಅಲ್ಲಿ ಬರೆದವರು ಬೇರೆಯವರು. 2021ರ ಮೇ 2ರ ರಾತ್ರಿಯಿಂದ 3ರ ನಡುವೆ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು 3 ಮಂದಿ ಮಾತ್ರ ಎಂದು ಆರೋಗ್ಯ ಸಚಿವ ಸುಧಾಕರ್ ಹೇಳಿದರು. ವಿರೋಧ ಪಕ್ಷದವರು 36 ಎಂದರು. ಎರಡು ದಿನ ಕಳೆದು ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಿ ಎಂದು ಹೈಕೋರ್ಟ್ ಆದೇಶಿಸಿದಾಗ, ಅಷ್ಟು ಆಗದು ಎಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಅಲ್ಲಿ ಅದರ ಮಾತು ನಡೆಯಲಿಲ್ಲ. ಜುಲೈ 20ರಂದು ಇಡೀ ದೇಶದ ಉತ್ತರ ರಾಜ್ಯಸಭೆಯಲ್ಲಿ ಬಂತು: ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಚಾಮರಾಜನಗರದಲ್ಲಿ 24, ಬೆಂಗಳೂರಿಗೆ ಬರುವಷ್ಟರಲ್ಲಿ 3, ದೆಹಲಿ ಮುಟ್ಟಿದಾಗ ಏನೂ ಇಲ್ಲ. ಹೆಣ ಹೊತ್ತವರು ಅಷ್ಟು ದೂರ ನಡೆಯಲಿಲ್ಲವಲ್ಲ, ಕಾಗದ ಮಾತ್ರ ನಡೆಯಿತು.

ಈಗ ದೊಡ್ಡ ಜಗಳಕ್ಕೆ ಬರೋಣ. 2022ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಂದಾಜು ಹೊರಹಾಕಿತು. 2020 ಮತ್ತು 2021ರಲ್ಲಿ ಭಾರತದಲ್ಲಿ ಸಾಮಾನ್ಯಕ್ಕಿಂತ ಹೆಚ್ಚಾಗಿ ಸತ್ತವರು ಸುಮಾರು 47 ಲಕ್ಷ. ನಮ್ಮ ಅಧಿಕೃತ ಕೋವಿಡ್ ಸಾವು ಆ ಹೊತ್ತಿಗೆ 4.8 ಲಕ್ಷದಷ್ಟು. ಕೇಂದ್ರ ಕೆಂಡಾಮಂಡಲವಾಯಿತು. ಎಲ್ಲ ದೇಶಕ್ಕೂ ಒಂದೇ ಗಣಿತದ ಮಾದರಿ ಹಚ್ಚುವುದು ಅವೈಜ್ಞಾನಿಕ, ನಮ್ಮಲ್ಲಿ ಜನನ ಮರಣ ನೋಂದಣಿಯ ಗಟ್ಟಿ ವ್ಯವಸ್ಥೆ ಇದೆ, ಅಂದಾಜು ಯಾಕೆ ಎಂದಿತು. ಮಾತು ಸರಿಯೇ. ಮಾದರಿಗಳು ತಪ್ಪಬಹುದು, 47 ಲಕ್ಷದಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ಸಾವು ತಪ್ಪಿಸಿದೆವು ಎಂದು ಎದೆ ತಟ್ಟಿಕೊಂಡದ್ದು ಯಾವ ನೋಂದಣಿ ಪುಸ್ತಕ ನೋಡಿ? ಅದೂ ಗಣಿತದ ಮಾದರಿಯೇ ಅಲ್ಲವೆ? ಒಂದೇ ಯಂತ್ರ, ಸಾಯದವರನ್ನು ಎಣಿಸಿದರೆ ವಿಜ್ಞಾನ, ಸತ್ತವರನ್ನು ಎಣಿಸಿದರೆ ಷಡ್ಯಂತ್ರ.

ನೋಂದಣಿ ವ್ಯವಸ್ಥೆ ನಿಜಕ್ಕೂ ಗಟ್ಟಿಯಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ವರದಿಗೆ ಎರಡೇ ದಿನ ಮೊದಲು, 2022ರ ಮೇ 3ರಂದು, 2020ರ ಲೆಕ್ಕ ಹೊರಬಂತು: ನೋಂದಾಯಿತ ಸಾವು 81.2 ಲಕ್ಷ, ಹಿಂದಿನ ವರ್ಷಕ್ಕಿಂತ ಸುಮಾರು ಐದು ಲಕ್ಷವಷ್ಟೇ ಹೆಚ್ಚು. ನೋಡಿ, ನಾವು ಹೇಳಿರಲಿಲ್ಲವೇ ಎಂದರು. ಆದರೆ ಜನ ಸಾಲುಗಟ್ಟಿ ಸತ್ತದ್ದು 2021ರಲ್ಲಿ. ಆ ವರ್ಷದ ಪುಸ್ತಕ ಎಲ್ಲಿ? ಅದು 2025ರ ಮೇ ತಿಂಗಳಲ್ಲಿ ಬಂತು. ನಾಲ್ಕು ವರ್ಷ ಕಳೆದು, ಯಾರ ಸುದ್ದಿಗೂ ಹೋಗದೆ, ತಲೆ ತಗ್ಗಿಸಿಕೊಂಡು ಬಂತು. 2021ರ ನೋಂದಾಯಿತ ಸಾವು 1.02 ಕೋಟಿ. ಹಿಂದಿನ ವರ್ಷಕ್ಕಿಂತ 21 ಲಕ್ಷದಷ್ಟು ಹೆಚ್ಚು. ಆ ವರ್ಷದ ಅಧಿಕೃತ ಕೋವಿಡ್ ಸಾವು 3.3 ಲಕ್ಷದ ಆಸುಪಾಸು. ಹೆಚ್ಚಿದ ಅಷ್ಟೂ ಸಾವು ಕೊರೊನಾದಿಂದಲೇ ಎಂದು ಹೇಳಲಾಗದು. ನೋಂದಣಿ ಮಾಡಿಸುವವರೂ ಹೆಚ್ಚಿದ್ದಾರೆ, ಬೇರೆ ಕಾಯಿಲೆಗೆ ಆಸ್ಪತ್ರೆ ಸಿಗದೆ ಹೋದವರೂ ಇದ್ದಾರೆ. ಅವರನ್ನೆಲ್ಲ ಬದಿಗಿಟ್ಟರೂ ಉಳಿಯುವ ಅಂತರಕ್ಕೆ ಉತ್ತರ ಕೊಟ್ಟವರಿಲ್ಲ. ವಿದೇಶಿ ಅಂದಾಜನ್ನು ಖಂಡಿಸಲು ಸಾಲಾಗಿ ನಿಂತಿದ್ದ ಮೈಕುಗಳು ಸ್ವದೇಶಿ ನೋಂದಣಿಯ ಮುಂದೆ ಕಾಣಲಿಲ್ಲ.

ಗುಜರಾತಿನಲ್ಲಿ ಇನ್ನೊಂದು ಚಮತ್ಕಾರ ನಡೆಯಿತು. ಅಲ್ಲಿ ಅಧಿಕೃತ ಕೋವಿಡ್ ಸಾವು ಹತ್ತು ಸಾವಿರದ ಆಸುಪಾಸು. ಸುಪ್ರೀಂ ಕೋರ್ಟ್ ಒತ್ತಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಕೊಡಬೇಕಾಗಿ ಬಂದಾಗ, ಅದೇ ಸರ್ಕಾರ ಮಂಜೂರು ಮಾಡಿದ ಅರ್ಜಿಗಳು ಅದಕ್ಕಿಂತ ಹಲವು ಪಟ್ಟು. ಬುಲೆಟಿನ್ನಿನಲ್ಲಿ ಸಾಯದವರು ಖಜಾನೆಯಲ್ಲಿ ಸತ್ತಿದ್ದರು.

ಇಷ್ಟೆಲ್ಲ ಆದರೂ ಒಂದು ಎಣಿಕೆ ಮಾತ್ರ ಬಾಕಿ ಉಳಿಯಿತು, ಬದುಕಿರುವವರದು. 2021ರಲ್ಲಿ ನಡೆಯಬೇಕಿದ್ದ ಜನಗಣತಿಯನ್ನು ಕೋವಿಡ್ ಕಾರಣ ಹೇಳಿ ಮುಂದೂಡಿದರು. ಚುನಾವಣೆಗಳು ನಡೆದವು, ಕುಂಭಮೇಳ ನಡೆಯಿತು, ಗಣತಿ ನಡೆಯಲಿಲ್ಲ. ಈಗ ಅದಕ್ಕೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಮನೆಯಲ್ಲಿ 2021ರ ಮರಣ ಪ್ರಮಾಣಪತ್ರ ಇದ್ದವರು ದಯವಿಟ್ಟು ಅದನ್ನು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಡಿ. ಅಂಥದ್ದೊಂದು ವರ್ಷ ಇತ್ತು ಎನ್ನುವುದಕ್ಕೂ ದಾಖಲೆ ಕೇಳುವ ಕಾಲ ಬರಬಹುದು. ಉಳಿದವರು ಎಣಿಕೆದಾರರು ಬರುವ ದಿನ ಮನೆಯಲ್ಲೇ ಇರಿ.